ದೊರೆಯ ಮೂಗಿಗೆ ಏಳು ಹರಳು

ನನ್ನ ಎಡಗೈ ಹೆಬ್ಬೆರಳು ಅಕ್ಕಸಾಲಿಗರ ಅಡಗಲ್ಲಿನ ಮೇಲಿತ್ತು.

ಉಗುರಿನ ಮೇಲೆ ಬೆರಳುದ್ದದ ಉಕ್ಕಿನ ಅಚ್ಚು ನಿಂತಿತ್ತು. ಅಚ್ಚಿನ ಮೇಲೆ ಒಂದು ಸುತ್ತಿಗೆ ತೂಗುತ್ತಿತ್ತು. ಸುತ್ತಿಗೆಯ ಹಿಂದೆ, ಶ್ರೀನಿವಾಸಪುರದ ಮಾವಿನ ಮಂಡಿ ಸಾಹುಕಾರ ಕೋದಂಡರಾಮಪ್ಪ ನಗುತ್ತಿದ್ದ.

"ಏಮಿರಾ ಕದಿರೇಶ... ಹೇಳ್ತೀಯಾ? ಹೊಡೀಲಾ?"

ನನ್ನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದವನು ಪೆದ್ದಪ್ಪ. ಮಂಡಿಯ ಪೈಲ್ವಾನ. ಗರಡಿಯಲ್ಲಿ ಅವನನ್ನು ಎತ್ತಿ ಹಾಕಿದವರು ಇನ್ನೂ ಹುಟ್ಟಿರಲಿಲ್ಲ. ತೆಲುಗಿನಲ್ಲಿ ಪೆದ್ದಪ್ಪ ಎಂದರೆ ದೊಡ್ಡಪ್ಪ. ಒದೆ ತಿಂದವರೂ ಅವನನ್ನು ದೊಡ್ಡಪ್ಪಾ ದೊಡ್ಡಪ್ಪಾ ಎಂದೇ ಕೂಗಿ ಬಿಡಿಸಿಕೊಳ್ಳಬೇಕು. ಏನು ಕರ್ಮ!

"ಏನ್ ಹೇಳ್ಬೇಕು ಸಾವ್ಕಾರ್ರೇ?"

"ಮೊದಲ್ನೇ ಅಚ್ಚು ಕೆತ್ತಿದ ಕೈ ಯಾರ್ದು?"

ಆ ಕೈ ನನಗೆ ಗೊತ್ತಿತ್ತು. ಹಿಂದಿನ ದಿನವಷ್ಟೇ ಅದು ನನಗೆ ಚಹಾ ಮಾಡಿಕೊಟ್ಟಿತ್ತು. ಹೇಳಿದರೆ ಆ ಕೈ ಇವನ ಪಾಲಾಗುತ್ತದೆ. ಹೇಳದಿದ್ದರೆ ನನ್ನ ಬೆರಳು ಹೋಗುತ್ತದೆ.

ಆಗ ನನಗೆ ನಗು ಬಂತು ಸ್ವಾಮಿ!

ನನ್ನ ಹಣೆಬರಹವೇ ಅದು. ಸಮಯವಲ್ಲದ ಸಮಯದಲ್ಲಿ ನಗು. ಚಿನ್ನದ ಗಣಿಯಲ್ಲಿ ಆರು ವರ್ಷ ಕಾವಲು ಕೆಲಸ ಮಾಡಿದೆ. ಒಂದು ದಿನ ದೊಡ್ಡ ಸಾಹೇಬರ ಟೋಪಿಯನ್ನು ಗಾಳಿ ಹಾರಿಸಿತು. ಟೋಪಿಯ ಜೊತೆಗೆ ಕೂದಲೂ ಹಾರಿತು! ನಾನು ನಕ್ಕೆ. ಸಾಯಂಕಾಲದೊಳಗೆ ಕೆಲಸ ಹೋಯಿತು. ಅಲ್ಲಿಂದೀಚೆಗೆ ಕೋಲಾರದಲ್ಲಿ ಕಳೆದುಹೋದ ಎತ್ತು, ಓಡಿಹೋದ ಗಂಡ, ಕದ್ದುಹೋದ ಒಡವೆ ಹುಡುಕಿಕೊಡುವುದೇ ನನ್ನ ಬದುಕು.

ಆದರೆ ಆ ಶುಕ್ರವಾರ ನನ್ನ ಬೆರಳು ಆ ಅಡಗಲ್ಲಿಗೆ ಬಂದದ್ದು ಹೇಗೆ ಎಂದು ತಿಳಿಯಬೇಕಾದರೆ ಎರಡು ದಿನ ಹಿಂದಕ್ಕೆ ಹೋಗಬೇಕು.

ಸಾವಿರದ ಒಂಬೈನೂರ ನಲವತ್ತಮೂರು. ಜೂನ್ ತಿಂಗಳ ಒಂದು ಬುಧವಾರ. ಇನ್ಸ್‌ಪೆಕ್ಟರ್ ರಾಮಚಂದ್ರಪ್ಪನವರು ನನ್ನನ್ನು ಠಾಣೆಗೆ ಕರೆಸಿದರು. ಮೇಜಿನ ಮೇಲೆ ಒಂದು ಹಳೆಯ ಬೆಳ್ಳಿ ರೂಪಾಯಿ ಬಡಿದರು.

"ನೋಡು!"

ನೋಡಿದೆ. ದೊರೆಯ ತಲೆ. ಕಿರೀಟ. ಗಡ್ಡ. ಎಲ್ಲ ಸರಿಯಾಗಿಯೇ ಇತ್ತು. ಆದರೆ ಮೂಗಿನ ಮೇಲೆ... ಮೂಗುಬಟ್ಟು!

ಹೌದು ಸ್ವಾಮಿ. ಕೊತ್ತಂಬರಿ ಕಾಳಿನ ಗಾತ್ರದ ಮೂಗುಬಟ್ಟು. ನಡುವೆ ಒಂದು ಹರಳು, ಸುತ್ತ ಆರು. ಟಂಕಸಾಲೆಯಿಂದ ದೊರೆ ಬೋಳು ಮೂಗಿನಲ್ಲಿ ಹೊರಬಿದ್ದಿದ್ದ. ಆಮೇಲೆ ಯಾರೋ ಹಿಡಿದು ಕೂರಿಸಿ ಶಾಸ್ತ್ರೋಕ್ತವಾಗಿ ಮೂಗು ಚುಚ್ಚಿದ್ದರು!

"ನಗ್ತೀಯೇನೋ?"

"ಕೆಮ್ಮು ಸಾರ್."

"ಮಾಲೂರಲ್ಲಿ ಸಿಕ್ತು. ಮುಳಬಾಗಿಲಲ್ಲಿ ಸಿಕ್ತು. ಮೊನ್ನೆ ನಮ್ಮ ಸಾಹೇಬ್ರ ಜೇಬಲ್ಲೇ ಸಿಕ್ತು! ಕ್ಲಬ್ಬಲ್ಲಿ ಎಲ್ಲರ ಮುಂದೆ ತೆಗೆದಿಟ್ರಂತೆ. ಎಂಥ ಅವಮಾನ! ಇದು ರಾಜದ್ರೋಹ ಕಣೋ!"

"ಒಪ್ಪುತ್ತೆ ಸಾರ್, ದೊರೆಗೆ."

ಅವರು ರೂಪಾಯಿಯನ್ನು ಡ್ರಾಯರಿಗೆ ಹಾಕಿದರು. ಆಮೇಲೆ ತಣ್ಣಗೆ ಹೇಳಿದರು. "ಲಾಕಪ್ಪಲ್ಲಿ ಯಾರಿದಾರೆ, ಹೋಗಿ ನೋಡು."

ಹೋದೆ. ನನ್ನ ನಗು ನಿಂತಿತು.

ಕಂಬಿಯ ಹಿಂದೆ ನನ್ನ ಅಕ್ಕ ಚಿಕ್ಕಗಂಗಮ್ಮ!

ನಮ್ಮೂರು ಮಾಸ್ತಿ. ಅವ್ವ ಸತ್ತಾಗ ನನಗೆ ನಾಲ್ಕು ವರ್ಷ. ಅಕ್ಕನೇ ಸಾಕಿದಳು. ಮಾಲೂರು ಸ್ಟೇಷನ್ನಿನಲ್ಲಿ ಉಪ್ಪಿನಕಾಯಿ ಮಾರಿ ನನ್ನನ್ನು ಓದಿಸಿದವಳು. ಹಿಂದಿನ ಭಾನುವಾರ ಮಾವಿನಕಾಯಿ ತರಲು ಶ್ರೀನಿವಾಸಪುರಕ್ಕೆ ಹೋಗಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಪೊಲೀಸರು ಹಿಡಿದರು. ಸೊಂಟದ ಚೀಲದಲ್ಲಿ ಮೂರು ಮೂಗುಬಟ್ಟಿನ ರೂಪಾಯಿ!

"ಲೇ ಕದಿರಾ! ನನ್ನ ರೂಪಾಯಿಗಳು ಮನೇಂದ ಹೊರಟಾಗ ಬೋಳು ಮೂಗಲ್ಲೇ ಇದ್ವು ಕಣೋ!"

"ಸಿಕ್ಕಿಬಿದ್ದೋರೆಲ್ಲ ಹಾಗೇ ಹೇಳ್ತಾರೆ ಅಕ್ಕ."

"ನಿಮ್ಮಪ್ಪನಾಣೆ!"

"ನಿಮ್ಮಪ್ಪ ನಮ್ಮಪ್ಪ ಒಬ್ರೇ ಅಕ್ಕ."

"ಬಾಯ್ಮುಚ್ಚು! ಆ ಮಂಡಿ ಸಾವ್ಕಾರ ಎಂಟಾಣೆಗೆ ಕೊಡು ಅಂದ. ನನ್ನ ರೂಪಾಯಿ ಎಂಟಾಣೆಗೆ ಯಾಕೆ ಕೊಡ್ಲಿ ಅಂತ ಎದ್ದು ಬಂದೆ. ಬಸ್ ಹತ್ತೋದ್ರೊಳಗೆ ಪೊಲೀಸ್ರು..."

ಅಲ್ಲಿಗೆ ನಿಂತು ಪೂರ್ತಿ ಕೇಳಬೇಕಿತ್ತು. ಕೇಳಲಿಲ್ಲ. ಹೆಂಗಸರ ಮಾತನ್ನು ಅರ್ಧ ಕೇಳಿ ಎದ್ದು ಹೋಗುವುದು ನಮ್ಮ ಮನೆಯ ಗಂಡಸರ ಹಳೇ ಕಾಯಿಲೆ.

"ಶುಕ್ರವಾರ ಸಾಯಂಕಾಲ ಐದು ಗಂಟೆ" ಎಂದರು ಇನ್ಸ್‌ಪೆಕ್ಟರ್. "ಅಷ್ಟರೊಳಗೆ ಅಚ್ಚು, ಹೊಡೆದವನು, ಎರಡೂ ಬೇಕು. ಇಲ್ಲಾಂದ್ರೆ ಶನಿವಾರ ನಿಮ್ಮಕ್ಕನ್ನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸ್ತೀನಿ. ನಂಗೂ ಮನಸ್ಸಿಲ್ಲ ಕದಿರೇಶ. ಆಯಮ್ಮ ಬಂದಾಗಿಂದ ನನ್ನ ಕಾನ್‌ಸ್ಟೇಬಲ್‌ಗಳು ದಿನಾ ಎರಡು ಸಲ ಠಾಣೆ ಗುಡಿಸ್ತಿದಾರೆ!"

ಎರಡು ರೂಪಾಯಿ ಕೈಗೆ ಕೊಟ್ಟರು. ಒಂದು ಮುಳಬಾಗಿಲಲ್ಲಿ ಸಿಕ್ಕಿದ್ದು. ಇನ್ನೊಂದು ಅಕ್ಕನದು.

ನಾನು ನೇರ ಮುಳಬಾಗಿಲ ದಾರಿ ಹಿಡಿದೆ. ಅಷ್ಟು ನಾಜೂಕಿನ ಅಚ್ಚು ಕೆತ್ತುವ ಕೈ ಈ ಜಿಲ್ಲೆಯಲ್ಲಿ ಒಂದೇ ಇತ್ತು. ಮುಳಬಾಗಿಲ ಇಮಾಮ್ ಸಾಬ್. ನಲವತ್ತು ವರ್ಷ ಸರ್ಕಾರಿ ಕಚೇರಿಗಳ ಹಿತ್ತಾಳೆ ಮೊಹರು ಕೆತ್ತಿದ ಮನುಷ್ಯ. ತೊಡಕು ಒಂದೇ. ಇಮಾಮ್ ಸಾಬ್ ತೀರಿಕೊಂಡು ಎರಡು ವರ್ಷವಾಗಿತ್ತು!

ಯುದ್ಧದ ಕಾಲ. ಪೆಟ್ರೋಲಿಗೆ ರೇಷನ್. ಬಸ್ಸು ಲಾರಿಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿರುತ್ತಿದ್ದರು. ಏರು ಬಂದರೆ ಇಳಿದು ತಳ್ಳಬೇಕು. ಹಾಗೆ ತಳ್ಳುತ್ತ ತಳ್ಳುತ್ತ ಗುರುವಾರ ಬೆಳಿಗ್ಗೆ ಮುಳಬಾಗಿಲು ಸೇರಿದೆ. ಟಿಕೆಟ್ ಕೊಂಡು ನಡೆದದ್ದೇ ಹೆಚ್ಚು.

ಗಲ್ಲಿಯ ಕೊನೆಯ ಮನೆ. ಬಾಗಿಲು ತೆಗೆದವಳು ಇಮಾಮ್ ಸಾಬರ ಹೆಂಡತಿ ಕರೀಮುನ್ನೀಸಾ. ಅರವತ್ತು ದಾಟಿದ ಮುದುಕಿ. ಹಿಡಿಯಷ್ಟು ಮೈ. ಮೂಗಿನ ತೂತಿನಲ್ಲಿ ಒಂದು ಬೇವಿನ ಕಡ್ಡಿ.

ನಾನು ಮುಖ ಗಂಟು ಹಾಕಿದೆ. ರೂಪಾಯಿಯನ್ನು ಹೊಸ್ತಿಲ ಮೇಲೆ ಟಣ್ಣೆಂದು ಇಟ್ಟೆ. ದನಿ ಗಡುಸು ಮಾಡಿದೆ.

"ಈ ಕೆಲಸ ಯಾರ್ದು?"

ಅವಳು ರೂಪಾಯಿ ಎತ್ತಿ ಕಣ್ಣಿಗೆ ಹಿಡಿದಳು. ಮುಖ ಅರಳಿತು.

"ನಂದೇ ಬೇಟಾ. ಚೆನ್ನಾಗೈತಾ?"

ನನ್ನ ಇಷ್ಟು ವರ್ಷದ ಅನುಭವದಲ್ಲಿ ಇಷ್ಟು ಬೇಗ ಯಾರೂ ಒಪ್ಪಿಕೊಂಡಿರಲಿಲ್ಲ. ಮುಂದಿನ ಪ್ರಶ್ನೆ ನನ್ನ ಹತ್ತಿರ ತಯಾರೇ ಇರಲಿಲ್ಲ!

"ಒಳಗ್ ಬಾ. ಚಾಯ್ ಕುಡಿ."

ಕುಡಿದೆ. ಅವಳು ಹೇಳಿದಳು. ಕಚೇರಿಗಳಿಗೆ ರಬ್ಬರ್ ಮೊಹರು ಬಂತು. ಇಮಾಮ್ ಸಾಬರಿಗೆ ಕೆಲಸ ನಿಂತಿತು. ಆಮೇಲೆ ಕಾಯಿಲೆ ಹಿಡಿಯಿತು. ಡಾಕ್ಟರಿಗೆಂದು ಅವಳು ತನ್ನ ಮೂಗುಬಟ್ಟು ಮಾರಿದಳು. ಏಳು ಹರಳಿನದು. ಮದುವೆಯಲ್ಲಿ ಇಮಾಮ್ ಸಾಬರೇ ಕೈಯಾರೆ ಮಾಡಿಕೊಟ್ಟದ್ದು. ಆದರೂ ಅವರು ಉಳಿಯಲಿಲ್ಲ.

"ಅವ್ರ ಜೊತೆ ಕೂತು ಕೂತು ನಾನೂ ಕೆತ್ತೋದು ಕಲ್ತಿದ್ದೆ. ಅವ್ರು ಹೋದ್ಮೇಲೆ ಉಳಿ ಸುತ್ತಿಗೆ ಸುಮ್ನೆ ಬಿದ್ದಿದ್ವು. ಕೈ ಸುಮ್ನಿರ್ಲಿಲ್ಲ. ಆ ಮೂಗುಬಟ್ಟು ನೆನಪಾಗಿ ಹಂಗೇ ಉಕ್ಕಲ್ಲಿ ಕೆತ್ತಿದೆ. ಕೆತ್ತಾಯ್ತು... ಯಾರಿಗೆ ಹಾಕೋದು? ನೋಡ್ತೀನಿ, ಕೈಯಾಗೆ ರೂಪಾಯಿ. ದೊರೆ ಮೂಗು ಎಷ್ಟು ಚೆನ್ನಾಗೈತೆ! ಖಾಲಿ ಬಿಟ್ರೆ ಪಾಪ ಅಲ್ವಾ?"

"ಎಷ್ಟು ಹೊಡೆದ್ರಿ?"

"ಇಪ್ಪತ್ತು, ಮೂವತ್ತು. ಅಂಗಡಿಯವ್ನು ನಕ್ಕ. ಹಾಲಿನವ್ಳು ನಕ್ಳು. ಎರಡು ವರ್ಷದಿಂದ ಈ ಗಲ್ಲೀಲಿ ನನ್ನ ಮುಂದೆ ಯಾರೂ ನಕ್ಕಿರ್ಲಿಲ್ಲ ಬೇಟಾ. ಪಾಪದ ಬೇವಾ, ಗಂಡ ಸತ್ತೋಳು ಅಂತ ಮುಖ ಸಣ್ಣ ಮಾಡ್ಕೊಂಡು ಬರೋರು, ಹೋಗೋರು. ನಂಗೆ ಬೇಜಾರಾಗಿತ್ತು."

ನಾನು ಖಾಲಿ ಲೋಟ ಕೆಳಗಿಟ್ಟೆ. ರಾಜದ್ರೋಹಿ ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೆಲ್ಲ ಕುಟ್ಟುತ್ತಿದ್ದಳು.

ಅಕ್ಕನ ರೂಪಾಯಿ ತೆಗೆದು ಕೊಟ್ಟೆ. ಅವಳು ನೋಡಿದಳು. ಥೂ ಎಂದು ಪಕ್ಕಕ್ಕೆ ಉಗಿದಳು!

"ಇದು ನಂದಲ್ಲ!"

"ಹೇಗೆ ಹೇಳ್ತೀರಿ?"

"ಎಣಿಸು. ಆರೇ ಹರಳು! ಆರು ಹರಳಿನ ಮೂಗುಬಟ್ಟು ಯಾವಳು ಹಾಕ್ತಾಳೆ? ಹಿಂದೆ ತಿರುಗ್ಸು. ಉಬ್ಬಿ ನಿಂತೈತೆ. ತೆಂಗಿನಕಾಯಿ ಒಡ್ದಂಗೆ ಹೊಡ್ದವ್ನೆ ಕತ್ತೆ! ಇನ್ನೊಂದು ಮಾತು... ಪೆಟ್ಟು ಬಿದ್ದ ಜಾಗ ಇನ್ನೂ ಬೆಳ್ಳಗೆ ಹೊಳೀತೈತೆ. ಕೈಯಿಂದ ಕೈಗೆ ಹೋಗಿದ್ರೆ ಕಪ್ಪಾಗ್ತಿತ್ತು. ಇದು ನಾಕು ದಿನದ ಕೆಲ್ಸ."

ನಾಲ್ಕು ದಿನ! ನಾಲ್ಕು ದಿನದ ಹಿಂದೆ ಆ ರೂಪಾಯಿ ಇದ್ದದ್ದು ಅಕ್ಕನ ಚೀಲದಲ್ಲಿ. ಅಕ್ಕ ಚೀಲ ಬಿಚ್ಚಿದ್ದು ಒಂದೇ ಕಡೆ. ಕೋದಂಡರಾಮಪ್ಪನ ಮಂಡಿಯಲ್ಲಿ!

ತಲೆಯಲ್ಲಿ ದೀಪ ಹತ್ತಿತು ಸ್ವಾಮಿ. ಯುದ್ಧದಿಂದ ಬೆಳ್ಳಿಯ ಬೆಲೆ ಏರಿತ್ತು. ಹಳೆಯ ರೂಪಾಯಿಯನ್ನು ಕರಗಿಸಿದರೆ ರೂಪಾಯಿಗಿಂತ ಹೆಚ್ಚು. ಅದನ್ನು ಎಂಟಾಣೆಗೇ ಕೊಂಡರೆ? ಜನ ಯಾಕೆ ಕೊಡುತ್ತಾರೆ? ಹೆದರಿದರೆ ಕೊಡುತ್ತಾರೆ! ಹೆದರದ ಅಕ್ಕನನ್ನು ಪೊಲೀಸರಿಗೆ ಹಿಡಿದುಕೊಟ್ಟಿದ್ದ. ಮುದುಕಿ ನಗಿಸಲೆಂದು ಹೊಡೆದ ಮುದ್ರೆಯನ್ನು ಅವನು ಹೆದರಿಸಲೆಂದು ಕದ್ದಿದ್ದ.

ನನ್ನ ಅಕ್ಕ ಲಾಕಪ್ಪಿನಲ್ಲಿರುವುದನ್ನು ಹೇಳಿದೆ. ಕರೀಮುನ್ನೀಸಾ ಬೆಲ್ಲದ ಕಲ್ಲು ಪಕ್ಕಕ್ಕಿಟ್ಟಳು. ಎದ್ದು ಗೂಟದಿಂದ ಬುರ್ಖಾ ತೆಗೆದುಕೊಂಡಳು.

"ಎಲ್ಲಿಗೆ ಅಮ್ಮಾ?"

"ಠಾಣೆಗೆ. ನಿನ್ನ ಅಕ್ಕನ ಬದ್ಲು ನಾನ್ ಕೂರ್ತೀನಿ. ನಡಿ ನಡಿ, ಬಸ್ ಹೋಗ್ತದೆ."

ನಾನು ಗಟ್ಟಿ ಮನುಷ್ಯ. ಗಣಿಯಲ್ಲಿ ಹೆಣ ಎತ್ತಿದ್ದೇನೆ. ಆದರೂ ಆ ಮುದುಕಿಯ ಕೈಯಿಂದ ಬುರ್ಖಾ ತೆಗೆದುಕೊಂಡು ಮತ್ತೆ ಗೂಟಕ್ಕೆ ಹಾಕಿದೆ.

"ಕೂತ್ಕೊಳ್ಳಿ ಅಮ್ಮಾ. ನಿಮ್ಮನ್ನ ಕರ್ಕೊಂಡೋದ್ರೆ ನಮ್ಮಕ್ಕ ನನ್ನನ್ನ ಮನೆ ಬಾಗಿಲು ಹತ್ತಿಸಲ್ಲ."

ಶುಕ್ರವಾರ ಹನ್ನೆರಡು ಗಂಟೆಗೆ ಶ್ರೀನಿವಾಸಪುರ. ಮಂಡಿಯ ತುಂಬ ಮಾವು. ರಸಪುರಿ, ಬಾದಾಮಿ, ತೋತಾಪುರಿ, ಗುಡ್ಡೆ ಗುಡ್ಡೆ! ನಾನು ಗಿರಾಕಿಯಂತೆ ಹೋದೆ. ಹಣ್ಣು ಆರಿಸಿದೆ. ಬೋಳು ಮೂಗಿನ ರೂಪಾಯಿ ಕೊಟ್ಟೆ.

"ಸದ್ದು ನೋಡ್ಕೊಂಡ್ ಬರ್ತೀನಿ" ಎಂದು ಗುಮಾಸ್ತ ಒಳಗೆ ಹೋದ.

ಒಳಗಿಂದ ಒಂದೇ ಸದ್ದು. ಟಕ್!

ಗುಮಾಸ್ತ ಓಡಿಬಂದ. ಕಣ್ಣು ಅಗಲ ಮಾಡಿದ. ದನಿ ತಗ್ಗಿಸಿದ.

"ಅಯ್ಯಯ್ಯೋ ಸ್ವಾಮಿ! ಇದು ಮೂಗುಬಟ್ಟಿನ್ದು! ಪೊಲೀಸ್ ಕೇಸು! ಜೇಬಲ್ಲಿ ಇಟ್ಕೊಂಡ್ರೆ ಜೈಲು! ನಮ್ಮ ಸಾವ್ಕಾರ್ರು ಧರ್ಮಕ್ಕೆ ಎಂಟಾಣೆ ಕೊಡ್ತಾರೆ, ಬಿಟ್ಟೋಗಿ!"

ಎಷ್ಟು ಚೆನ್ನಾದ ನಾಟಕ! ಚಪ್ಪಾಳೆ ತಟ್ಟಬೇಕೆನಿಸಿತು. ಮುಖ ತೊಳೆಯಲು ಹೋಗುವಂತೆ ಮಾಡಿ ಹಿತ್ತಲ ಕಡೆಯಿಂದ ಒಳಗೆ ನುಗ್ಗಿದೆ. ಅಡಗಲ್ಲು. ಕುಲುಮೆ. ಬೆಳ್ಳಿ ಕರಗಿಸುವ ಮೂಸೆ. ಮೂಸೆಯ ಪಕ್ಕ ಮೂಗುಬಟ್ಟು ತೊಟ್ಟ ದೊರೆಗಳ ರಾಶಿ!

ಹಿಂದಿನಿಂದ ನನ್ನ ಕತ್ತಿನ ಮೇಲೆ ಒಂದು ಕೈ ಬಿತ್ತು. ಕೈ ಅಲ್ಲ, ಮೊರ.

"ಯಾರ್ಲಾ ನೀನು?" ಎಂದ ಪೆದ್ದಪ್ಪ.

ಹೀಗೆ ಸ್ವಾಮಿ, ನನ್ನ ಬೆರಳು ಅಡಗಲ್ಲಿಗೆ ಬಂದದ್ದು.

ಕೋದಂಡರಾಮಪ್ಪನಿಗೆ ನನ್ನ ಪರಿಚಯವಿತ್ತು. ಕೋಲಾರದ ಕದಿರೇಶ ಸುಮ್ಮನೆ ಮಾವು ಕೊಳ್ಳಲು ಬರುವುದಿಲ್ಲ ಎಂದೂ ಗೊತ್ತಿತ್ತು.

"ನನ್ನ ಅಚ್ಚು ಮೊಂಡಾಗ್ತಾ ಇದೆ. ಯಾವನೋ ಕುಲುಮೆಯವನ ಕೈಲಿ ಮಾಡಿಸ್ದೆ, ಉಪಯೋಗವಿಲ್ಲ. ಮೊದಲ್ನೇ ಅಚ್ಚು ಮಾಡಿದ ಕೈ ನಂಗೆ ಬೇಕು. ಎಲ್ಲಿದೆ ಹೇಳು. ಇಲ್ಲಾ... ಈ ಬೆರಳಿಗೇ ಮೂಗುಬಟ್ಟು!"

ಸುತ್ತಿಗೆ ಮೇಲೆ ಹೋಯಿತು. ನಾನು ನಗುತ್ತಲೇ ಇದ್ದೆ. ಯಾಕೆಂದರೆ ಆ ಕ್ಷಣ ನನಗೆ ಮುದುಕಿಯ ಥೂ ನೆನಪಾಗಿತ್ತು.

"ಯಾಕ್ರಾ ನಗ್ತೀಯ?"

"ಪಾಪ ಸಾವ್ಕಾರ್ರೇ... ಪೊಲೀಸ್ರ ಹತ್ರ ಇರೋ ರೂಪಾಯೀಲಿ ಏಳು ಹರಳು. ನಿಮ್ಮ ಅಚ್ಚಲ್ಲಿ ಎಷ್ಟು?"

"ಏಳೇ!"

"ಎಣಿಸಿದ್ರಾ?"

ಸುತ್ತಿಗೆ ನಿಂತಿತು. ಅವನು ಅಚ್ಚನ್ನು ಎತ್ತಿ ಕಣ್ಣಿಗೆ ಹಿಡಿದ. ದೂರ ಹಿಡಿದ. ಹತ್ತಿರ ಹಿಡಿದ. ಅರವತ್ತರ ಕಣ್ಣು, ಏನು ಕಂಡೀತು?

"ರೇಯ್ ಪೆದ್ದಪ್ಪಾ, ನೀನು ಎಣಿಸೋ!"

ಪೆದ್ದಪ್ಪ ಬಲಗೈಯಲ್ಲಿ ಅಚ್ಚು ತೆಗೆದುಕೊಂಡ. "ಒಕಟಿ..." ಎಂದ. "ರೆಂಡು..." ಎಂದ. ಅಲ್ಲಿಗೆ ಲೆಕ್ಕ ತಪ್ಪಿತು. ಎಣಿಸಲು ಬೆರಳು ಬೇಕು. ಬೆರಳು ಬೇಕೆಂದರೆ ಎಡಗೈ ಬೇಕು. ಎಡಗೈಯಲ್ಲಿ ನಾನಿದ್ದೆ!

ಅವನು ನನ್ನನ್ನು ಬಿಟ್ಟ. ಎಡಗೈ ಬೆರಳು ಬಿಡಿಸಿ ಎಣಿಸತೊಡಗಿದ. "ಮೂಡು..."

ನಾಲ್ಕಕ್ಕೆ ನಾನು ಕಾಯಲಿಲ್ಲ.

ಅಚ್ಚು ಕಿತ್ತುಕೊಂಡೆ. ಓಡಿದೆ!

"ಪಟ್ಟುಕೋಂಡಿರಾ! ಹಿಡ್ಕೊಳ್ರೋ!" ಎಂದು ಕೋದಂಡರಾಮಪ್ಪ ಕಿರುಚಿದ. ನಾನು ತೋತಾಪುರಿಯ ಗುಡ್ಡೆಗೆ ಕೊಟ್ಟಿದ್ದ ತಡಿಕೆಯನ್ನು ಕಾಲಲ್ಲಿ ಒದ್ದೆ. ಗುಡ್ಡೆ ಜಾರಿತು. ಸಾವಿರ ಹಣ್ಣು ಉರುಳಿದವು. ಗುಮಾಸ್ತ ಬಿದ್ದ. ಗುಮಾಸ್ತನ ಮೇಲೆ ಹಮಾಲಿ ಬಿದ್ದ. ಅವರಿಬ್ಬರ ಮೇಲೆ ಪೆದ್ದಪ್ಪ ಬಿದ್ದ. ಯಾರದು ಯಾವ ಕಾಲು ಎಂದು ಅವರೇ ಹುಡುಕಿಕೊಳ್ಳಬೇಕಾಯಿತು!

ಸ್ಟೇಷನ್ನಿನಲ್ಲಿ ಕೋಲಾರದ ಕಡೆಯ ಚಿಕ್ಕ ರೈಲು ಆಗತಾನೆ ಹೊರಟಿತ್ತು. ಆ ರೈಲು ನಿಮಗೆ ಗೊತ್ತಿಲ್ಲ ಸ್ವಾಮಿ. ಓಡುತ್ತಿರುವಾಗ ಇಳಿದು, ಬೀಡಿ ಹಚ್ಚಿಕೊಂಡು, ಮತ್ತೆ ಅದೇ ಡಬ್ಬಿಗೆ ಹತ್ತಬಹುದು. ಹತ್ತಿದೆ. ಸಂತೆ ಮುಗಿಸಿದ ಜನ, ಬುಟ್ಟಿ, ಕೋಳಿ. ನಡುವೆ ಕೂತು ಉಸಿರು ಬಿಟ್ಟೆ.

ಕಿಟಕಿಯಿಂದ ನೋಡಿದೆ. ಉಸಿರು ವಾಪಸ್ ಬಂತು!

ಹಳಿಯ ಪಕ್ಕದ ರಸ್ತೆಯಲ್ಲಿ ಮಂಡಿಯ ಲಾರಿ. ಬೆನ್ನಲ್ಲಿ ಇದ್ದಿಲ ಒಲೆ ಉರಿಯುತ್ತಿತ್ತು. ಮುಂದೆ ಕೋದಂಡರಾಮಪ್ಪ, ಹಿಂದೆ ಪೆದ್ದಪ್ಪ. ಲಾರಿ ನಮ್ಮನ್ನು ದಾಟಿತು. ಕೋದಂಡರಾಮಪ್ಪ ನನಗೆ ಮುಷ್ಟಿ ತೋರಿಸಿದ. ಏರು ಬಂತು. ಲಾರಿ ಕೆಮ್ಮಿತು. ನಿಂತಿತು! ಪೆದ್ದಪ್ಪ ಇಳಿದು ಒಲೆಯ ಗಾಳಿಚಕ್ರ ತಿರುಗಿಸತೊಡಗಿದ. ನಾವು ಅವರನ್ನು ದಾಟಿದೆವು. ನಾನು ಕೈ ಬೀಸಿದೆ. ಡಬ್ಬಿಯ ಜನವೆಲ್ಲ ಕೈ ಬೀಸಿದರು. ಯಾಕೆ ಬೀಸುತ್ತಿದ್ದೇವೆ ಎಂದು ಅವರಿಗೇನು ಗೊತ್ತು!

ಇಳಿಜಾರಿನಲ್ಲಿ ಲಾರಿ ಮತ್ತೆ ದಾಟಿತು. ಏರಿನಲ್ಲಿ ಮತ್ತೆ ನಿಂತಿತು. ಮತ್ತೆ ಕೈ ಬೀಸಿದೆವು. ಒಬ್ಬ ಅಜ್ಜ ಲಾರಿಯೇ ಗೆಲ್ಲುತ್ತದೆ ಎಂದು ವೀಳ್ಯದೆಲೆಯ ಕಟ್ಟು ಪಣ ಇಟ್ಟ. ನಾನು ರೈಲಿನ ಪರ ನಿಂತೆ.

ಪಣ ಸೋತೆ. ಹಳಿಯ ಮೇಲೆ ಒಂದು ಎಮ್ಮೆ ಮಲಗಿತ್ತು!

ರೈಲು ನಿಂತಿತು. ಡ್ರೈವರ್ ಇಳಿದು ಎಮ್ಮೆಗೆ ಬುದ್ಧಿ ಹೇಳುತ್ತಿದ್ದಾಗ ಅವರಿಬ್ಬರೂ ಡಬ್ಬಿಗೆ ಹತ್ತಿದರು. ಪೆದ್ದಪ್ಪ ಬಾಗಿಲು ತುಂಬ ನಿಂತ. ಕೋದಂಡರಾಮಪ್ಪ ಪೇಟ ಸರಿಮಾಡಿಕೊಂಡ. ದೊಡ್ಡ ಮನುಷ್ಯನ ದನಿ ತೆಗೆದ.

"ಇವನು ಕಳ್ಳ! ನನ್ನ ಮಂಡೀಲಿ ಕದ್ದು ಓಡಿ ಬಂದಿದ್ದಾನೆ. ಹಿಡ್ಕೊಡಿ!"

ಸಾಹುಕಾರರ ಮಾತು. ಡಬ್ಬಿಯೆಲ್ಲ ನನ್ನ ಕಡೆ ತಿರುಗಿತು. ಪಣ ಗೆದ್ದ ಅಜ್ಜನೇ ನನ್ನ ಕೊರಳಪಟ್ಟಿ ಹಿಡಿದ! ಗಂಟೆ ಮೂರೂವರೆ. ಕೋಲಾರ ಇನ್ನೂ ದೂರ.

"ಹೌದು, ಕದ್ದಿದ್ದೀನಿ!" ಎಂದೆ. "ಏನ್ ಕದ್ದೆ ಅಂತ ಸಾವ್ಕಾರ್ರೇ ಹೇಳ್ಲಿ."

ಕೋದಂಡರಾಮಪ್ಪ ಮತ್ತೆ ಪೇಟ ಸರಿಮಾಡಿಕೊಂಡ.

"ಏನ್ ಕದ್ದ ಸಾವ್ಕಾರ್ರೇ?" ಎಂದಳು ಬುಟ್ಟಿ ಹಿಡಿದ ಒಬ್ಬ ಹೆಂಗಸು. ವಕ್ಕಲೇರಿಯವಳು. ಸೊಸೆಯ ಬಾಣಂತನಕ್ಕೆ ಬಂದು ಹಿಂದಿರುಗುತ್ತಿದ್ದಳಂತೆ. ಗಟ್ಟಿ ದನಿ.

"ಮಾವ್... ಮಾವಿನಹಣ್ಣು!"

"ಹಣ್ಣಿಗೋಸ್ಕರ ಲಾರೀಲಿ ಬಂದ್ರಾ?"

ನಾನು ಜೇಬಿನಿಂದ ಅಚ್ಚು ತೆಗೆದು ಎತ್ತಿ ಹಿಡಿದೆ.

"ಇದು ಕಣಮ್ಮಾ ನಾನು ಕದ್ದದ್ದು. ಒಂದು ರೂಪಾಯಿ ಕೊಡು. ನಿನ್ನ ಕಣ್ಣೆದುರೇ ತೋರಿಸ್ತೀನಿ."

ಅವಳು ಅನುಮಾನದಿಂದ ಸೆರಗಿನ ಗಂಟು ಬಿಚ್ಚಿದಳು. ಬೋಳು ಮೂಗಿನ ರೂಪಾಯಿ. ಬಾಗಿಲ ಪಕ್ಕದ ಕಬ್ಬಿಣದ ಪಟ್ಟಿಯ ಮೇಲಿಟ್ಟೆ. ಅಚ್ಚು ನಿಲ್ಲಿಸಿದೆ. ಅಜ್ಜನ ಎಲೆಅಡಿಕೆ ಕುಟ್ಟುವ ಕಲ್ಲು ಕಿತ್ತುಕೊಂಡು ಒಂದೇ ಏಟು. ಟಕ್!

ಕೈಗೆ ಕೊಟ್ಟೆ. ಅವಳು ನೋಡಿದಳು.

"ಅಯ್ಯೋ ನನ್ನ ರೂಪಾಯಿ ಹಾಳ್ಮಾಡ್ದ!" ಎಂದಳು. ಆಮೇಲೆ ರೂಪಾಯಿಯನ್ನು ಕಣ್ಣ ಹತ್ತಿರ ತಂದಳು. ಇನ್ನೊಂದು ಸಲ ನೋಡಿದಳು. ನಿಧಾನವಾಗಿ ತಲೆ ಎತ್ತಿದಳು.

"ಹೋದ ತಿಂಗ್ಳು ನನ್ನ ಮೂರು ರೂಪಾಯಿ ಎಂಟೆಂಟಾಣೆಗೆ ತಗೊಂಡ್ಯಲ್ಲೋ... ಒಳಗೋಗಿ ಸದ್ದು ನೋಡ್ತೀವಿ ಅಂತ!"

"ನಂದೂ!" ಎಂದ ಯಾರೋ.

"ನಂದು ಐದು!" ಎಂದು ಮೂಲೆಯಿಂದ ಕೂಗು ಬಂತು.

"ಕೈಮುಗಿದು ಕೊಟ್ಟು ಬಂದ್ನಲ್ಲೋ! ಜೈಲಿಂದ ಉಳಿಸ್ದ ಅಂತ!" ಎಂದು ಅಜ್ಜ ನನ್ನ ಕೊರಳಪಟ್ಟಿ ಬಿಟ್ಟು ಸಾಹುಕಾರನ ಪೇಟ ಹಿಡಿದ.

"ಪೆದ್ದಪ್ಪಾ! ರೇಯ್ ಪೆದ್ದಪ್ಪಾ!" ಎಂದು ಕೋದಂಡರಾಮಪ್ಪ ಕಿರುಚಿದ.

ಪೆದ್ದಪ್ಪ ಕದಲಲಿಲ್ಲ. ಅವನ ಮುಖದಲ್ಲಿ ಏನೋ ಕೆಲಸ ನಡೆಯುತ್ತಿತ್ತು. ಯೋಚನೆ! ಅವನಿಗೆ ಅದು ಹೊಸದು. ಬೆವರು ಬಂತು.

"ಸಾವ್ಕಾರ್ರೇ... ಯುಗಾದಿ ದಿನ ನಮ್ಮಮ್ಮನ ರೂಪಾಯಿ ತಂದ್ನಲ್ಲ. ಅದು ನಿಜವಾದ ಮೂಗುಬಟ್ಟಿಂದು, ನಮ್ದಲ್ಲ ಅಂದ್ರಿ. ಎಂಟಾಣೆ ಕೊಟ್ರಿ."

"ಆ... ಅದು..."

"ಅದ್ರಲ್ಲಿ ಎಷ್ಟು ಹರಳಿತ್ತು?"

ಕೋದಂಡರಾಮಪ್ಪ ಕಿಟಕಿಯ ಕಡೆ ಹಾರಿದ. ಅರ್ಧ ಮಾತ್ರ ಹೊರಗೆ ಹೋದ. ಉಳಿದರ್ಧವನ್ನು ಪೆದ್ದಪ್ಪ ಒಂದೇ ಕೈಯಲ್ಲಿ ಒಳಗೆಳೆದ. ವಕ್ಕಲೇರಿಯವಳು ಅವನನ್ನು ಹಲಗೆಯ ಮೇಲೆ ಕೆಡವಿ ಬೆನ್ನ ಮೇಲೆ ಕೂತಳು. ಅವಳ ಪಕ್ಕ ಇನ್ನಿಬ್ಬರು ಕೂತರು. ಮಡಿಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಕೋಳಿ! ಎಮ್ಮೆ ಎದ್ದಿತು. ರೈಲು ಕೂಗಿತು. ಡಬ್ಬಿಯಲ್ಲಿ ಯಾರೋ ಹಾಡು ಶುರು ಮಾಡಿದರು. ಕೋಲಾರದವರೆಗೂ ಹಾಡು ನಿಲ್ಲಲಿಲ್ಲ. ಕೆಳಗಿನಿಂದ ಸಾಹುಕಾರನೂ ಆಗಾಗ ರಾಗ ಎಳೆಯುತ್ತಿದ್ದ.

ಐದಕ್ಕೆ ಹತ್ತು ನಿಮಿಷ. ಪೆದ್ದಪ್ಪ ಸಾಹುಕಾರನನ್ನು ಮೂಟೆಯಂತೆ ಹೊತ್ತು ಠಾಣೆಯ ಮೆಟ್ಟಿಲು ಹತ್ತಿದ. ಹಿಂದೆ ನಲವತ್ತು ಜನ. ಲಾಕಪ್ಪಿನಿಂದ ಅಕ್ಕ ಕೂಗಿದಳು.

"ಕಾಲು ಒರೆಸ್ಕೊಂಡ್ ಬನ್ರೋ! ಈಗ ಗುಡಿಸಿದಾರೆ!"

ಇನ್ಸ್‌ಪೆಕ್ಟರ್ ಹೇಳಿಕೆ ಬರೆದುಕೊಂಡರು. ಶ್ರೀನಿವಾಸಪುರಕ್ಕೆ ಪೊಲೀಸರನ್ನು ಓಡಿಸಿದರು. ಅಕ್ಕನ ಬೀಗ ತೆಗೆಸಿದರು. ಎಲ್ಲ ಆಯಿತು ಎಂದುಕೊಂಡೆ. ಆಗ ಅವರು ಡ್ರಾಯರಿನಿಂದ ಭೂತಗನ್ನಡಿ ತೆಗೆದರು!

ಅಚ್ಚು ನೋಡಿದರು. ನಾನು ಹಿಂತಿರುಗಿಸಿದ್ದ ಮುಳಬಾಗಿಲ ರೂಪಾಯಿ ನೋಡಿದರು. ಮತ್ತೆ ಅಚ್ಚು.

"ಕದಿರೇಶ. ಅಚ್ಚಲ್ಲಿ ಆರು ಹರಳು. ಇದ್ರಲ್ಲಿ ಏಳಿದೆ ಕಣೋ."

ಅಡಗಲ್ಲಿನ ಮೇಲೂ ನನಗೆ ಅಷ್ಟು ಬೆವರು ಬಂದಿರಲಿಲ್ಲ. ಕಣ್ಣ ಮುಂದೆ ಬುರ್ಖಾ ತೆಗೆದುಕೊಂಡು ನಿಂತ ಮುದುಕಿ.

"ಸವೆದಿದೆ ಸಾರ್" ಎಂದೆ. "ಹೊಡೆದೂ ಹೊಡೆದೂ ಒಂದು ಹರಳು ಉದುರಿ ಹೋಗಿದೆ."

"ಉಕ್ಕಿನ ಅಚ್ಚಿಂದ ಹರಳು ಉದುರುತ್ತಾ?"

"ಯುದ್ಧಕಾಲದ ಉಕ್ಕು ಸಾರ್."

ಅವರು ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿದ್ದ ದೊರೆಯ ಪಟ ನೋಡಿದೆ. ಅವರು ಭೂತಗನ್ನಡಿ ಒಳಗಿಟ್ಟರು.

"ನಿಮ್ಮಕ್ಕನ್ನ ಕರ್ಕೊಂಡು ಹೊರಡು. ನನ್ನ ಠಾಣೆ ನಂಗೆ ವಾಪಸ್ ಬೇಕು."

ದಾರಿಯಲ್ಲಿ ಅಕ್ಕನಿಗೆ ಮುಳಬಾಗಿಲ ಕಥೆಯೆಲ್ಲ ಹೇಳಿದೆ.

"ಆಯಮ್ಮ ನನ್ನ ಬದ್ಲು ಕೂರ್ತೀನಿ ಅಂದ್ರಾ?" ಎಂದಳು. ಆಮೇಲೆ ನಿಂತು ಮೂಗಿನಿಂದ ಮೂಗುಬಟ್ಟು ಬಿಚ್ಚಿ ನನ್ನ ಅಂಗೈಗೆ ಹಾಕಿದಳು. "ನಂಗೆ ಇನ್ನೊಂದಿದೆ. ಕೊಟ್ಟು ಬಾ. ಯಾಕೆ ಅಂತ ಕೇಳಿದ್ರೆ ಗೊತ್ತಿಲ್ಲ ಅನ್ನು."

ಮರುದಿನ ಮುಳಬಾಗಿಲು. ಕರೀಮುನ್ನೀಸಾ ಬೇವಿನ ಕಡ್ಡಿ ಕಿತ್ತು ಬಿಸಾಡಿದಳು. ಮೂಗುಬಟ್ಟು ತೊಟ್ಟಳು. ಹಿತ್ತಾಳೆ ತಟ್ಟೆಯಲ್ಲಿ ಮುಖ ನೋಡಿಕೊಂಡಳು. ಕಣ್ಣು ತುಂಬಿತು. ಅದನ್ನು ಒರೆಸುವ ಮೊದಲೇ ನಗು ಬಂತು.

"ಖರೇ ಹೇಳು ಬೇಟಾ. ದೊರೆಗೆ ಒಪ್ಪಿತ್ತಾ, ನಂಗೆ ಒಪ್ತದಾ?"

"ನಿಮಗೇ ಅಮ್ಮಾ. ಈಗ ಆ ಏಳು ಹರಳಿನ ಅಚ್ಚು ಕೊಡಿ."

ಮುಖ ಸಣ್ಣದಾಯಿತು. ಆದರೂ ಕೊಟ್ಟಳು. ಅವಳ ಎದುರೇ ಬಾವಿಗೆ ಹಾಕಿದೆ. ಗುಳುಕ್!

"ಪ್ರಮಾಣ ಮಾಡಿ. ಇನ್ನು ಮುಂದೆ ಇದೆಲ್ಲ ಇಲ್ಲ."

"ಖುದಾ ಕಸಂ ಬೇಟಾ. ದೊರೆ ಮೂಗು ಇನ್ನು ಮುಟ್ಟಲ್ಲ."

ಮೂರು ವಾರ ನೆಮ್ಮದಿಯಾಗಿದ್ದೆ. ನಾಲ್ಕನೆಯ ಸೋಮವಾರ ಇನ್ಸ್‌ಪೆಕ್ಟರ್ ಕರೆಸಿದರು. ಮೇಜಿನ ಮೇಲೆ ಒಂದು ರೂಪಾಯಿ. ಬಗ್ಗಿ ನೋಡಿದೆ. ದೊರೆಯ ಮೂಗು ಬೋಳಾಗಿತ್ತು. ನಿಟ್ಟುಸಿರು ಬಿಟ್ಟೆ.

"ಕಿವಿ ನೋಡೋ!" ಎಂದರು.

ನೋಡಿದೆ. ಜುಮುಕಿ! ಕೆಳಗೆ ಮುತ್ತಿನ ಸಾಲು ಬೇರೆ. ಒಂದೊಂದು ಮುತ್ತೂ ಎಣಿಸುವ ಹಾಗಿತ್ತು!

"ಯಾರೋ ಇದು? ಮಾತಾಡೋ!"

ಕೆಮ್ಮು ಬಂತು ಸ್ವಾಮಿ. ತುಂಬ ಹೊತ್ತು ಕೆಮ್ಮಿದೆ. ಕಣ್ಣೊರೆಸಿಕೊಂಡೆ. ಕುರ್ಚಿ ಎಳೆದು ಕೂತೆ.

"ಹುಡುಕೋಣ ಸಾರ್. ಆದ್ರೆ ಮೊದ್ಲೇ ಹೇಳ್ಬಿಡ್ತೀನಿ... ಮೂಗಿನ ರೇಟು ಬೇರೆ, ಕಿವಿಯ ರೇಟು ಬೇರೆ."